ಅರ್ಧ ಸ್ನಾನ

ಕೆಲಸ ಬಿಟ್ಟ ಮೇಲೆ ಹೆಂಗಸರೆಲ್ಲ ಗೋಡೆಯುದ್ದಕ್ಕೂ ಸಾಲಾಗಿ ನಿಲ್ಲುತ್ತಿದ್ದರು. ಹಾಜರಿಗಲ್ಲ, ಕೂಲಿಗಲ್ಲ. ಮೂಸಿಸಿಕೊಳ್ಳಲು.

ಮೂಸುವವಳನ್ನು ಹೊಸಮೂಗು ಎಂದು ಕರೆಯುತ್ತಿದ್ದರು. ಎಲ್ಲರಿಗಿಂತ ಕೊನೆಗೆ ಕೆಲಸಕ್ಕೆ ಸೇರಿದವಳು ಯಾರೋ ಅವಳೇ ಹೊಸಮೂಗು. ಹಳಬರಿಗೆ ಮೂಗು ಇದ್ದೂ ಇಲ್ಲದ ಹಾಗೆ. ಕೊಳಚೆಯ ಗಸಿಯ ರಾಶಿಯಿಂದ ಏಳುವ ಹಬೆ ವರ್ಷಗಟ್ಟಲೆ ಒಳಗೆ ಹೊಕ್ಕು, ಮೂಗು ಮೊದಲು ಉರಿದು, ಆಮೇಲೆ ಮರಗಟ್ಟಿ, ಕೊನೆಗೆ ಸತ್ತೇಹೋಗುತ್ತಿತ್ತು. ಆಮೇಲೆ ಹೂವೂ ಒಂದೇ, ಹೊಲಸೂ ಒಂದೇ. ತಮ್ಮ ಮೈ ನಾರುತ್ತಿದೆಯೋ ಇಲ್ಲವೋ ಅವರಿಗೇ ತಿಳಿಯುತ್ತಿರಲಿಲ್ಲ. ಹಿಂದೆ ಒಬ್ಬಳು ಹೀಗೇ ತಿಳಿಯದೆ ಬಸ್ಸು ಹತ್ತಿದ್ದಳು. ಜನ ಅವಳನ್ನು ನಡುದಾರಿಯಲ್ಲಿ ಇಳಿಸಿ, ಅವಳು ಕೂತಿದ್ದ ಸೀಟಿಗೆ ನೀರು ಹೊಯ್ದರು. ಅಂದಿನಿಂದ ಈ ಸಾಲು.

ಹೊಸಮೂಗು ಒಬ್ಬೊಬ್ಬಳ ಹತ್ತಿರವೂ ಹೋಗಿ ಕತ್ತಿನ ಹಿಂದೆ, ಕಿವಿಯ ಸಂದು, ಉಗುರಿನ ತುದಿ ಮೂಸಿ ತೀರ್ಪು ಹೇಳಬೇಕು. ತೀರ್ಪು ಮೂರೇ ಬಗೆ. ಬಸ್ಸು ಹತ್ತು. ಇನ್ನೊಂದ್ಸಲ ತೊಳ್ಕೋ. ನಡ್ಕೊಂಡು ಹೋಗು.

"ಏನೇ, ನನ್ನ ಕಿವಿ ಹಿಂದೆ ಯಾವ ಬೀದಿಯ ಕಕ್ಕಸು ಕೂತಿದೆ?" ಎಂದು ಉದ್ದಿ ಬಗ್ಗಿ ನಿಂತು ಕೇಳಿದಳು. ಎಲ್ಲರಿಗಿಂತ ಎತ್ತರದ ಅವಳು ಬಗ್ಗದಿದ್ದರೆ ಹೊಸಮೂಗಿಗೆ ಎಟುಕುತ್ತಿರಲಿಲ್ಲ.

"ಯಾವುದೂ ಇಲ್ಲ. ಹತ್ತು."

"ಅಯ್ಯೋ, ನಿನ್ನೆ ನನ್ನನ್ನ ನಡೆಸಿದ್ದೆ, ಇವತ್ತು ಇಷ್ಟು ದಯೆ!"

ಆವತ್ತು ಹೊಸಮೂಗು ಎಲ್ಲರನ್ನೂ ಬಸ್ಸು ಹತ್ತಿಸುತ್ತಿದ್ದಳು. ಯಾರೂ ಅದನ್ನು ಗಮನಿಸಲಿಲ್ಲ. ಖುಷಿಯ ದಿನ ಅದು. ರಾಶಿಯಕ್ಕನ ಮಗಳು ಬೆಳಿಗ್ಗೆ ಹೆತ್ತಿದ್ದಳು.

ರಾಶಿಯಕ್ಕ ಆ ಹೆಂಗಸರಲ್ಲಿ ಹಿರಿಯಳು. ಊರಿನ ಕಕ್ಕಸುಗಳೆಲ್ಲ ಕೊನೆಗೆ ಬಂದು ಸೇರುವ ಆ ಶುದ್ಧೀಕರಣ ಘಟಕದಲ್ಲಿ ನೀರು ಒಂದು ಕಡೆ ತಿಳಿಯಾಗಿ ಹೊರಟುಹೋಗುತ್ತಿತ್ತು. ತಳದಲ್ಲಿ ಉಳಿಯುವ ಕಪ್ಪು ಗಸಿ ಇವರ ಪಾಲು. ಅದನ್ನು ಮರಳಿನ ಮಡಿಗಳಲ್ಲಿ ಹರವಿ ಒಣಗಿಸಬೇಕು. ಬುಟ್ಟಿಗೆ ತುಂಬಿ ಹೊತ್ತು ತರಬೇಕು. ಮರದ ಚೂರಿನ ಜೊತೆ ಬೆರೆಸಿ ಆಳೆತ್ತರ ರಾಶಿ ಹಾಕಬೇಕು. ರಾಶಿ ತನ್ನ ಕಾವಿಗೆ ತಾನೇ ಬೇಯುತ್ತದೆ. ಒಲೆಯ ಮೇಲಿಟ್ಟ ಹಾಗೆ ಹೊಗೆಯಾಡುತ್ತದೆ. ಒಳಗಿದ್ದದ್ದು ಹೊರಗೆ, ಹೊರಗಿದ್ದದ್ದು ಒಳಗೆ ಬರುವಂತೆ ಸಲಿಕೆಯಿಂದ ಮಗುಚುತ್ತಲೇ ಇರಬೇಕು. ಮಗುಚದಿದ್ದರೆ ಹೊರಮೈ ಹಸಿಯಾಗೇ ಉಳಿದು ರೋಗ ಉಳಿಯುತ್ತದೆ. ಮಗುಚಿದರೆ ಕಣ್ಣು ಉರಿಯುತ್ತದೆ, ಉಸಿರು ಕಟ್ಟುತ್ತದೆ, ಮಂಡಿಯವರೆಗೆ ಕಾಲು ಸುಡುತ್ತದೆ. ಯಂತ್ರ ಒಂದು ಬಂದಿತ್ತು. ಕೆಟ್ಟು ಕೂತಿತ್ತು. ಅದರ ಮೇಲೆ ಹೆಂಗಸರು ಬಟ್ಟೆ ಒಣಗಹಾಕುತ್ತಿದ್ದರು.

ಬೆಂದು ಆರಿದ ಗೊಬ್ಬರ ಚೀಲ ಸೇರಿ ಊರಿನ ತೋಟಗಳಿಗೆ ಹೋಗುತ್ತಿತ್ತು. ಒಳ್ಳೆಯ ಗೊಬ್ಬರ. ಅದರಲ್ಲಿ ರಾಶಿಯಕ್ಕನಿಗೆ ಎರಡು ಮಾತಿರಲಿಲ್ಲ. "ಊರು ಬಿಟ್ಟದ್ದನ್ನ ಬೇಯಿಸಿ ಮಣ್ಣಿಗೆ ಊಟ ಹಾಕ್ತೀವಿ, ಅದೇನು ಸಣ್ಣ ಕೆಲಸವಾ?" ಅನ್ನುತ್ತಿದ್ದಳು. ಅವಳ ಸಿಟ್ಟು ಕೆಲಸದ ಮೇಲಲ್ಲ. ಬಚ್ಚಲುಮನೆಯ ಮೇಲೆ.

ಘಟಕದ ಮೂಲೆಯಲ್ಲಿ ಕೆಲಸದವರಿಗೆಂದೇ ಕಟ್ಟಿದ ಬಚ್ಚಲುಮನೆ ಇತ್ತು. ಬಿಳಿ ಟೈಲ್ಸು. ಗೋಡೆಗೆ ಶವರು. ಗಸಿಯ ತೊಟ್ಟಿಯಿಂದ ಬರುವ ಗ್ಯಾಸಿನಿಂದಲೇ ನೀರು ಕಾಯುತ್ತಿತ್ತು. ಈ ಕೆಲಸಕ್ಕೆ ಬಿಸಿನೀರಿನ ಸ್ನಾನ ಇಲ್ಲದೆ ಪರವಾನಗಿಯೇ ಇಲ್ಲವಂತೆ. ಹಾಗಾಗಿ ಕಟ್ಟಿದ್ದರು. ಕಟ್ಟಿ, ಬೀಗ ಹಾಕಿದ್ದರು.

"ನಿಮಗೆ ಕೊಟ್ರೆ ಒಂದೇ ದಿನಕ್ಕೆ ಗಲೀಜು ಮಾಡ್ತೀರಿ. ನಾಳೆ ನೋಡೋಕೆ ಬಂದವರಿಗೆ ಏನು ತೋರಿಸ್ಲಿ?" ಎಂದು ಮೇಸ್ತ್ರಿ ಬೀಗದ ಕೈಯನ್ನು ಸೊಂಟದಲ್ಲಿ ಆಡಿಸುತ್ತಿದ್ದ.

ಗಲೀಜು ತೊಳೆಯಲು ಕಟ್ಟಿದ ಮನೆ ಗಲೀಜಾಗಬಾರದು. ಅಷ್ಟೇ ವಿಷಯ.

ಹೆಂಗಸರಿಗೆ ಹಿತ್ತಲಲ್ಲಿ ಒಂದು ಪೈಪು. ತಣ್ಣೀರು. ಅದೂ ಘಟಕದಿಂದಲೇ ಹೊರಬರುವ ನೀರು. ಗಸಿಗೆ ಜಿಡ್ಡಿದೆ. ತಣ್ಣೀರಿಗೆ ಅದು ಜಗ್ಗುವುದಿಲ್ಲ. ಮನೆಗೆ ಹೋಗಿ ತೊಳೆಯೋಣವೆಂದರೆ ಬೀದಿಯ ನಲ್ಲಿಗೆ ಇವರು ಬಂದರೆ ಉಳಿದವರು ಕೊಡ ಎತ್ತಿಕೊಂಡು ದೂರ ನಿಲ್ಲುತ್ತಿದ್ದರು. ಎಲ್ಲರದೂ ಆದ ಮೇಲೆ ಇವರದು. ಅಷ್ಟರಲ್ಲಿ ನೀರು ನಿಂತಿರುತ್ತಿತ್ತು.

ಆ ದಿನ ರಾಶಿಯಕ್ಕ ಪೈಪಿನ ಕೆಳಗೆ ಕೂತು ಇಟ್ಟಿಗೆ ಚೂರಿನಿಂದ ಮೈ ಉಜ್ಜಿದಳು. ಮೊಣಕೈ ಚರ್ಮ ಕಿತ್ತು ರಕ್ತ ಜಿನುಗಿತು. ಮತ್ತೆ ಉಜ್ಜಿದಳು. ಎತ್ತಿಟ್ಟಿದ್ದ ಒಳ್ಳೆ ಬಟ್ಟೆ ಉಟ್ಟಳು. ಹೊಸಮೂಗಿನ ಮುಂದೆ ಬಂದು ಕೈ ಎರಡೂ ಚಾಚಿದಳು, ಮೇಷ್ಟರ ಮುಂದೆ ನಿಂತ ಮಗುವಿನ ಹಾಗೆ.

"ಸರಿಯಾಗಿ ನೋಡೇ. ಮೊಮ್ಮಗೂನ ಎತ್ಕೋಬೇಕು."

ಹೊಸಮೂಗು ಮೂಸಿದಳು. ಕತ್ತು. ಕಿವಿ. ಉಗುರು. ಕೂದಲಲ್ಲಿ ಮುಖ ಇಟ್ಟು ಮತ್ತೊಮ್ಮೆ ಮೂಸಿದಳು.

"ಏನೂ ಇಲ್ಲ ಅಕ್ಕ. ದೇವರಾಣೆಗೂ ಏನೂ ಇಲ್ಲ. ಹೋಗು."

ಆಸ್ಪತ್ರೆಯ ಬಾಗಿಲಲ್ಲಿ ಆಯಾ ಅವಳನ್ನು ಅಡ್ಡಗಟ್ಟಿದಳು. "ಯಾರಮ್ಮ ನೀನು, ಚರಂಡಿ ಹೊತ್ಕೊಂಡು ಬಂದಿದ್ದೀಯ? ಹಡೆದ ಹೆಂಗಸರು ಮಲಗೋ ಜಾಗ ಇದು!"

ರಾಶಿಯಕ್ಕನಿಗೆ ನಗು ಬಂತು. ಬೇರೆ ಯಾರಿಗೋ ಹೇಳುತ್ತಿದ್ದಾಳೆ ಅಂದುಕೊಂಡಳು. ಹಿಂತಿರುಗಿ ನೋಡಿದಳು. ಹಿಂದೆ ಯಾರೂ ಇರಲಿಲ್ಲ.

ನುಗ್ಗಿಯೇ ಒಳಗೆ ಹೋದಳು. ಪಕ್ಕದ ಮಂಚದವಳು ಕಿಟಕಿ ತೆಗೆಯಿರಿ ಎಂದು ಕೂಗಿದಳು. ಯಾರೋ ಊಟದ ಡಬ್ಬಿ ಮುಚ್ಚಿದರು. ಮಗಳ ಅತ್ತೆ ಕೂಸನ್ನು ಎದೆಗವಚಿಕೊಂಡು ಎದ್ದು, ಆಚೆ ಗೋಡೆಯ ಹತ್ತಿರ ಹೋಗಿ ನಿಂತಳು.

"ತಪ್ಪು ತಿಳ್ಕೋಬೇಡಿ ಬೀಗರೇ. ಕೂಸು ಇನ್ನೂ ಹಸಿ ಮೈ. ಏನಾದ್ರೂ ತಗಲಿಬಿಟ್ರೆ? ಅಲ್ಲಿಂದಲೇ ನೋಡಿ. ನಿಮ್ಮ ಥರಾನೇ ಹಣೆ."

ರಾಶಿಯಕ್ಕ ಅಲ್ಲಿಂದಲೇ ನೋಡಿದಳು. ಬಟ್ಟೆಯ ಸುತ್ತು ಕಂಡಿತು. ಹಣೆ ಕಾಣಲಿಲ್ಲ.

ಬೀಗಿತ್ತಿಯ ಮಾತು ಅವಳಿಗೆ ಅಷ್ಟಾಗಿ ತಾಗಲಿಲ್ಲ. ಪರರ ಮಾತು ಪರರದು. ಮಂಚದ ಮೇಲಿದ್ದ ಮಗಳು ಹೊದಿಕೆಯ ತುದಿಯನ್ನು ಮೂಗಿನವರೆಗೆ ಎಳೆದುಕೊಂಡು, ಬೇರೆಯವರಿಗೆ ಕೇಳದ ಹಾಗೆ ಕೇಳಿದಳು.

"ಅಮ್ಮಾ, ಒಂದು ಸ್ನಾನ ಮಾಡ್ಕೊಂಡು ಬರಬಾರ್ದಿತ್ತಾ?"

ರಾಶಿಯಕ್ಕ ಕಿತ್ತ ಮೊಣಕೈಯನ್ನು ಬಟ್ಟೆಯೊಳಗೆ ಮುಚ್ಚಿಕೊಂಡಳು. ನಡೆದುಕೊಂಡೇ ಮನೆಗೆ ಹೋದಳು.

ಬೆಳಿಗ್ಗೆ ಘಟಕದ ಗೇಟಿನಲ್ಲೇ ಹೊಸಮೂಗಿನ ಜುಟ್ಟು ಹಿಡಿದಳು.

"ನನ್ನ ಮೇಲೆ ಏನು ಹಗೆ ಇತ್ತೇ ನಿನಗೆ? ಹೆತ್ತ ಮಗಳ ಮುಂದೆ ನನ್ನ ಮಾನ ಕಳೆದ್ಯಲ್ಲೇ!"

"ಅಕ್ಕಾ, ನನ್ನ ಮಕ್ಕಳಾಣೆ, ಏನೂ ವಾಸನೆ ಬರಲಿಲ್ಲ!"

ಉದ್ದಿ ಇಬ್ಬರನ್ನೂ ಬಿಡಿಸಿದಳು. ಏನೋ ಹೊಳೆದವಳಂತೆ ಕಚೇರಿಯ ಮೆಟ್ಟಿಲ ಮೇಲಿದ್ದ ಫಿನಾಯಿಲ್ ಬಾಟಲಿ ತಂದು ಮುಚ್ಚಳ ತೆಗೆದು ಹೊಸಮೂಗಿನ ಮೂಗಿಗೆ ಹಿಡಿದಳು. "ಕಣ್ಣು ಮುಚ್ಕೋ. ಏನಿದು ಹೇಳು."

ಹೊಸಮೂಗು ಕಣ್ಣು ಮುಚ್ಚಿ ಉಸಿರೆಳೆದಳು. ಮತ್ತೆ ಎಳೆದಳು. ಅವಳ ಕಣ್ಣಿಂದ ನೀರಿಳಿಯಿತು, ಮುಖ ಮಾತ್ರ ಹಾಗೇ ಇತ್ತು.

"ನೀರಾ?" ಎಂದಳು.

ಕಣ್ಣು ತೆರೆದು ಬಾಟಲಿ ನೋಡಿದ ಹೊಸಮೂಗು ಅಲ್ಲೇ ಕುಸಿದು ಕೂತಳು. "ಊಟ ರುಚಿ ಇಲ್ಲ ಅಂತ ಗೊತ್ತಿತ್ತು. ನೆಗಡಿ ಅಂದ್ಕೊಂಡಿದ್ದೆ. ನನ್ನ ಚಿಕ್ಕ ಕೂಸಿನ ಮೈ ಹಾಲು ವಾಸನೆ ಬರ್ತಿತ್ತು ಅಕ್ಕ. ಇನ್ನು ಬರಲ್ವಾ?"

ರಾಶಿಯಕ್ಕ ಜುಟ್ಟು ಹಿಡಿದಿದ್ದ ಕೈಯಿಂದಲೇ ಅವಳ ತಲೆ ಸವರಿದಳು. ಈಗ ಇಡೀ ಸಾಲಿಗೆ ಒಂದೂ ಬದುಕಿದ ಮೂಗಿರಲಿಲ್ಲ.

ಅಷ್ಟರಲ್ಲಿ ಮೇಸ್ತ್ರಿ ಓಡಿಬಂದ. ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ.

"ಇನ್ನೂ ಇಲ್ಲೇ ಇದ್ದೀರಾ? ತಪಾಸಣೆಗೆ ದೊಡ್ಡವರು ಬರ್ತಿದ್ದಾರೆ. ಎಲ್ಲರೂ ಒಣಮಡಿಗಳ ಆಚೆ ಗೋಡೆ ಹಿಂದೆ ಹೋಗಿ ಕೂತ್ಕೊಳ್ಳಿ. ಅವರು ಹೋಗೋವರೆಗೂ ಒಂದು ತಲೆ ಕಾಣಬಾರ್ದು. ಗಾಳಿ ಈ ಕಡೆ ಬೀಸ್ತಿದೆ, ಇನ್ನೂ ಸ್ವಲ್ಪ ದೂರ ಹೋಗಿ."

"ಕೆಲಸದವರನ್ನ ನೋಡಲ್ವಾ ಅವರು?" ಎಂದಳು ಉದ್ದಿ.

"ನೋಡ್ತಾರೆ. ಅದಕ್ಕೆ ಜನ ಇದ್ದಾರೆ."

ಜನ ಇದ್ದರು. ಕಚೇರಿಯಲ್ಲಿ ಫೋನು ಎತ್ತುವ ಇಬ್ಬರು ಹುಡುಗಿಯರು ಹೊಸ ನೀಲಿ ಅಂಗಿ, ಹೊಸ ಬೂಟು, ಕೈಗವಸು ತೊಟ್ಟು ಬಚ್ಚಲುಮನೆಯ ಕಡೆ ಹೋಗುತ್ತಿದ್ದರು. ಬಚ್ಚಲುಮನೆಯ ಬಾಗಿಲು ತೆರೆದಿತ್ತು. ಒಳಗಿಂದ ಹಬೆ ಬರುತ್ತಿತ್ತು. ಮಡಿಸಿಟ್ಟ ಟವೆಲುಗಳು ಹೊರಗಿಂದಲೇ ಕಾಣುತ್ತಿದ್ದವು.

ಹೆಂಗಸರು ಗೋಡೆಯ ಹಿಂದೆ ಕುಕ್ಕರಗಾಲಲ್ಲಿ ಕೂತರು. ಕಾರುಗಳು ಬಂದ ಸದ್ದಾಯಿತು. ಘಟಕದ ಮ್ಯಾನೇಜರನ ದನಿ ಹತ್ತಿರ ಬಂತು. ಆರಿದ ಗೊಬ್ಬರದ ರಾಶಿ ಗೋಡೆಗೆ ಆನಿಕೊಂಡೇ ಇತ್ತು. ಒಂದೊಂದು ಮಾತೂ ಕೇಳುತ್ತಿತ್ತು.

"ಕೈಯಲ್ಲಿ ತಗೊಳ್ಳಿ ಮೇಡಂ. ಏನೂ ಹೆದರಬೇಡಿ. ಪೂರ್ತಿ ಸುರಕ್ಷಿತ."

"ಅರೆ!" ಹೆಂಗಸಿನ ದನಿ. ಒಳ್ಳೆಯ, ಮೆತ್ತಗಿನ ದನಿ. "ಒಂದು ಚೂರೂ ವಾಸನೆ ಇಲ್ಲ! ಕಾಡಿನ ಮಣ್ಣಿನ ಹಾಗಿದೆ. ಇದು ಅದೇ ಅಂದ್ರೆ ನಂಬೋಕೇ ಆಗಲ್ಲ."

"ಅದೇ ನಮ್ಮ ಹೆಮ್ಮೆ ಮೇಡಂ."

"ಮಗುಚೋದು ಯಾರು?"

"ಎಲ್ಲಾ ಯಂತ್ರ. ನೋಡಿಕೊಳ್ಳೋಕೆ ಒಬ್ರೋ ಇಬ್ರೋ ಹೆಣ್ಮಕ್ಕಳಿದ್ದಾರೆ ಅಷ್ಟೆ."

ಗೋಡೆಯ ಹಿಂದೆ ರಾಶಿಯಕ್ಕ ತನ್ನ ಅಂಗೈ ನೋಡಿಕೊಂಡಳು. ಸಲಿಕೆಯ ಹಿಡಿ ಕೂತ ಕಡೆ ಚರ್ಮ ದಪ್ಪಗಾಗಿ, ಬಿರಿದು, ಬಿರುಕಿನಲ್ಲಿ ಕಪ್ಪು ತುಂಬಿತ್ತು. ಊರಿನ ಹೇಲು ಮಣ್ಣಾಯಿತು. ಅದರ ನಾತ ಎಲ್ಲಿ ಹೋಯಿತು? ಗಾಳಿಗೆ ಹೋಗಲಿಲ್ಲ. ಈ ಗೋಡೆಯ ಹಿಂದೆ ಕೂತಿತ್ತು. ತನ್ನ ಕತ್ತಿನಲ್ಲಿ, ಉದ್ದಿಯ ಕಂಕುಳಲ್ಲಿ, ಹೊಸಮೂಗಿನ ಸತ್ತ ಮೂಗಿನಲ್ಲಿ.

ಅವಳು ಎದ್ದಳು.

"ಎಲ್ಲಿಗೆ ಅಕ್ಕ?"

"ಸ್ನಾನಕ್ಕೆ."

ಒಬ್ಬರ ಹಿಂದೆ ಒಬ್ಬರು ಎದ್ದರು. ಗೊಬ್ಬರದ ಚೀಲಗಳ ಹಿಂಬದಿಯಿಂದ ಬಚ್ಚಲುಮನೆಗೆ ನಡೆದರು. ಮೇಸ್ತ್ರಿ ಕಂಡು ಕೈ ಬೀಸಿದ. ದೊಡ್ಡವರ ಮುಂದೆ ಕೂಗುವ ಹಾಗಿರಲಿಲ್ಲ.

ಒಳಗಿದ್ದ ನೀಲಿ ಅಂಗಿಯ ಹುಡುಗಿಯರು ಗೋಡೆಗಂಟಿ ನಿಂತರು. "ಅಕ್ಕಾ, ನಾವೇನು ಮಾಡೋಣ?"

"ಹೊರಗೆ ಹೋಗ್ರೀ, ಇಲ್ಲ ಬೆನ್ನು ಉಜ್ಜಿ," ಎಂದಳು ಉದ್ದಿ. ಒಬ್ಬಳು ಓಡಿದಳು. ಇನ್ನೊಬ್ಬಳು ಕೈಗವಸು ಕಳಚಿ ಸೋಪು ಎತ್ತಿಕೊಂಡಳು.

ಉದ್ದಿ ಚಿಲಕ ಹಾಕಿದಳು.

ಬಿಸಿನೀರು ಬಿದ್ದ ಕೂಡಲೇ ಹೊಸಮೂಗು ಕಿರುಚಿದಳು. ಆಮೇಲೆ ನಕ್ಕಳು. ಮೈಯಿಂದ ಇಳಿದ ನೀರು ಕಪ್ಪಗೆ ಬಿಳಿ ಟೈಲ್ಸಿನ ಮೇಲೆ ಹರಿಯಿತು. ಒಬ್ಬರ ಮೈಯನ್ನು ಒಬ್ಬರು ಮೊದಲ ಸಲ ಬೆಳಕಲ್ಲಿ ಕಂಡರು. ತೊಡೆಯ ತುಂಬ ಕಜ್ಜಿ. ಮೀನಖಂಡದಲ್ಲಿ ಸುಟ್ಟ ಕಲೆ. ಬೆರಳ ಸಂದಿಯಲ್ಲಿ ಹುಣ್ಣು. ಸೋಪು ಕೈಯಿಂದ ಕೈಗೆ ಹೋಯಿತು.

ರಾಶಿಯಕ್ಕ ಮೊದಲು ಕೈ ತೊಳೆದಳು. ಬೆರಳು ಬೆರಳು ಬಿಡಿಸಿ, ಉಗುರು ಕೆದಕಿ, ಭುಜದವರೆಗೂ ಉಜ್ಜಿದಳು. ಕೂಸನ್ನು ಹಿಡಿಯುವುದು ಕೈ. ಆಮೇಲೆ ಎದೆ. ಕೂಸು ಒರಗುವುದು ಅಲ್ಲಿ. ಕೂದಲಿಗೆ ಸೋಪು ಹಚ್ಚಿದ್ದಳಷ್ಟೆ, ಬಾಗಿಲ ಹೊರಗೆ ಅದೇ ಮೆತ್ತಗಿನ ದನಿ ಕೇಳಿತು.

"ಒಳಗೆ ಯಾರೋ ಇದ್ದಾರಲ್ಲ?"

ಮ್ಯಾನೇಜರ್ ಏನು ಕಡಿಮೆಯವನಲ್ಲ.

"ನಮ್ಮ ಹೆಣ್ಮಕ್ಕಳೇ ಮೇಡಂ! ದಿನಾ ಹೀಗೇ. ಬಿಸಿನೀರು, ಸೋಪು, ಎಷ್ಟು ಹೊತ್ತು ಬೇಕಾದ್ರೂ."

"ಎಷ್ಟೋ ಕಡೆ ಬಚ್ಚಲು ತೋರಿಸಿದ್ದಾರೆ, ಸ್ನಾನ ಮಾಡೋರನ್ನ ನೋಡಿದ್ದು ಇದೇ ಮೊದಲು. ತುಂಬಾ ಸಂತೋಷ."

ಒಳಗೆ ಹೆಂಗಸರು ಮುಖ ಮುಖ ನೋಡಿಕೊಂಡರು. ತಾವು ಬಂಡೆದ್ದು ಬಂದದ್ದು ಅವನಿಗೇ ಮೆಚ್ಚುಗೆಯಾಗಿ ಅವನ ಜೇಬು ಸೇರಿತ್ತು.

ಮೇಲಿನ ಗವಾಕ್ಷಿಯಲ್ಲಿ ಪಿಸುಮಾತು. ಮೇಸ್ತ್ರಿ ಯಾವುದೋ ಡ್ರಮ್ಮಿನ ಮೇಲೆ ಹತ್ತಿ, ಒಳಗೆ ನೋಡದೆ ಬಾಯಿ ಮಾತ್ರ ಇಟ್ಟಿದ್ದ. "ರಾಶಿಯಕ್ಕ, ಸುಮ್ನೆ ಮುಗಿಸ್ಕೊಂಡು ಬಾ. ಮೊಮ್ಮಗು ಎತ್ಕೋಬೇಕಲ್ವಾ ನಿನಗೆ? ನಿನಗೊಬ್ಬಳಿಗೆ ದಿನಾ ಬೀಗ ತೆಗೀತೀನಿ. ಯಾರಿಗೂ ಹೇಳ್ಬೇಡ."

ಎಲ್ಲರಿಗೂ ಕೇಳಿಸಿತ್ತು.

ರಾಶಿಯಕ್ಕ ಒದ್ದೆ ಮೈ ಮೇಲೆ ಬಟ್ಟೆ ಸುತ್ತಿಕೊಂಡಳು. ತಲೆಯಿಂದ ನೊರೆ ಇಳಿಯುತ್ತಿತ್ತು. ಬೆನ್ನು, ಕಾಲು ಕಪ್ಪಗೇ ಇದ್ದವು.

"ಅಕ್ಕಾ, ಮೊದಲು ಪೂರ್ತಿ ಮಾಡ್ಕೋ," ಎಂದು ಹೊಸಮೂಗು ಕೈ ಹಿಡಿದಳು. "ಆಮೇಲೆ ಹೋಗಿ ಮಾತಾಡು. ಕೂಸು ಏನಾಗ್ಬೇಕು?"

"ಪೂರ್ತಿ ಮಾಡ್ಕೊಂಡು ಹೋದ್ರೆ ಅವನು ಹೇಳಿದ್ದೇ ನಿಜ ಆಗುತ್ತೆ ಕಣೇ. ಹೀಗೇ ಹೋಗ್ಬೇಕು."

ಚಿಲಕ ತೆಗೆದು ಹೊರಗೆ ಬಂದಳು. ಬಿಸಿನೀರು ಮೈಯ ನಾತವನ್ನು ಎಬ್ಬಿಸಿತ್ತು. ಅವಳಿಗೆ ಅದು ತಿಳಿಯಲಿಲ್ಲ. ಎದುರಿದ್ದವರ ಮುಖ ನೋಡಿ ತಿಳಿದುಕೊಂಡಳು. ದೊಡ್ಡವರೆಲ್ಲ ಹಿಂದೆ ಸರಿದರು. ಮೆತ್ತಗಿನ ದನಿಯ ಮೇಡಂ ಕರ್ಚೀಫು ಮೂಗಿಗೆ ಒತ್ತಿದಳು.

"ಕರ್ಚೀಫು ತೆಗೀರಿ ಅಮ್ಮಾ," ಎಂದಳು ರಾಶಿಯಕ್ಕ. "ಗೊಬ್ಬರ ಮೂಸಿದ್ರಲ್ಲ. ನನ್ನನ್ನೂ ಮೂಸಿ."

"ಇವಳಿಗೆ ತಲೆ ಸರಿ ಇಲ್ಲ ಮೇಡಂ..."

"ನಾನು ಮಾತಾಡ್ತಿದ್ದೀನಿ, ನೀನು ಸುಮ್ನಿರಯ್ಯ!" ಮ್ಯಾನೇಜರನಿಗೆ ಆ ಘಟಕದಲ್ಲಿ ಯಾರೂ ಏಕವಚನ ಹಾಕಿರಲಿಲ್ಲ. "ಮೂಸಿ ಅಮ್ಮಾ. ಹತ್ತಿರ ಬನ್ನಿ. ಆ ರಾಶಿ ಹಾಕಿದ್ದು ನಾನು, ಮಗುಚಿದ್ದು ನಾವು. ಅದರ ವಾಸನೆ ಹೋಯ್ತು ಅಂದ್ರಲ್ಲ, ಹೋಗಿಲ್ಲ. ನಮ್ಮ ಮೈಗೆ ಬಂದಿದೆ. ಈ ಬಚ್ಚಲಿನ ಬೀಗ ನಮಗೆ ತೆಗೆದಿದ್ದು ಇವತ್ತೇ. ತೆಗೆದಿದ್ದಲ್ಲ, ನಾವೇ ನುಗ್ಗಿದ್ದು. ಒಳಗೆ ಹೋಗಿ ನೋಡಿ, ಟೈಲ್ಸು ಹೇಗಾಗಿದೆ. ದಿನಾ ಸ್ನಾನ ಮಾಡೋರ ಮೈಯಿಂದ ಅಷ್ಟು ಕಪ್ಪು ಇಳಿಯುತ್ತಾ? ಸುರಕ್ಷಿತ ಅಂತೀರಲ್ಲ, ಯಾರಿಗೆ? ಹೂಗಿಡಕ್ಕಾ?"

ಮೇಡಂ ಕರ್ಚೀಫು ಕೆಳಗಿಳಿಸಿದಳು. ಮುಖ ಕೆಂಪಾಗಿತ್ತು. ತೆರೆದ ಬಾಗಿಲಿಂದ ಒಳಗೆ ನೋಡಿದಳು. ಬಹಳ ಹೊತ್ತು ನೋಡಿದಳು.

"ಇದನ್ನೆಲ್ಲ ಬರ್ಕೋತೀನಿ," ಎಂದಳು.

"ಬರ್ಕೊಳ್ಳಿ. ಬರ್ಕೊಂಡು ಹೋದವರನ್ನ ಬೇಕಾದಷ್ಟು ನೋಡಿದ್ದೀವಿ."

ಮೇಸ್ತ್ರಿ ಹಿಂದಿನಿಂದ ಹೋಗಿ ಬಿಸಿನೀರಿನ ಕೊಳವೆಯ ತಿರುಪು ಮುಚ್ಚಿಬಿಟ್ಟ. ಒಳಗೆ ಶವರುಗಳು ಕೆಮ್ಮಿ ನಿಂತವು. ಹೆಂಗಸರು ಸೋಪಿನ ಮೈಯಲ್ಲೇ ಬಟ್ಟೆ ಸುತ್ತಿಕೊಂಡು ಹೊರಬಂದರು. ಕಾರುಗಳು ಹೋಗುವವರೆಗೂ ಕಾದಿದ್ದ ಮ್ಯಾನೇಜರ್ ರಾಶಿಯಕ್ಕನ ಮುಖದ ಮುಂದೆ ಬೆರಳಾಡಿಸಿದ.

"ನೀನು ನಾಳೆಯಿಂದ ಈ ಗೇಟಿನ ಒಳಗೆ ಕಾಲಿಡಬೇಡ."

"ಹಂಗಾದ್ರೆ ರಾಶಿ ನೀನೇ ಮಗುಚು," ಎಂದಳು ಉದ್ದಿ. ಬಚ್ಚಲುಮನೆಯ ಹೊಸ್ತಿಲ ಮೇಲೆ ಕಾಲು ಚಾಚಿ ಕೂತಳು. ಅವಳ ಉದ್ದಕ್ಕೆ ಹೊಸ್ತಿಲು ಸಾಲಲಿಲ್ಲ. ಪಕ್ಕದಲ್ಲಿ ಹೊಸಮೂಗು ಕೂತಳು. ಅವಳ ಪಕ್ಕ ಇನ್ನೊಬ್ಬಳು. ಬಾಗಿಲು ಮುಚ್ಚಬೇಕೆಂದರೆ ಅವರ ಮೇಲೆ ಮುಚ್ಚಬೇಕಿತ್ತು. "ಬೀಗ ತಾ ನೋಡೋಣ ಮೇಸ್ತ್ರಿ. ಅಕ್ಕಾ, ನೀನು ಹೋಗಿ ಕೂಸು ನೋಡ್ಕೊಂಡು ಬಾ. ನಾವು ಇಲ್ಲೇ ಇರ್ತೀವಿ."

ಮೇಸ್ತ್ರಿ ಬೀಗ ಕೈಯಲ್ಲಿ ಹಿಡಿದು ನಿಂತೇ ಇದ್ದ. ಆಚೆ ಗಸಿ ಮಡಿಗಳಲ್ಲಿ ತುಂಬುತ್ತಿತ್ತು. ಊರು ಯಾರಿಗೂ ಕಾಯುವುದಿಲ್ಲ.

ರಾಶಿಯಕ್ಕ ಒಣ ಬಟ್ಟೆ ಉಟ್ಟು ನೇರ ಆಸ್ಪತ್ರೆಗೆ ನಡೆದಳು. ಯಾರನ್ನೂ ಮೂಸು ಅನ್ನಲಿಲ್ಲ. ಕೂದಲಲ್ಲಿ ಸೋಪು ಒಣಗಿ ಗಟ್ಟಿಯಾಗಿತ್ತು.

"ಮತ್ತೆ ಬಂದ್ಯಾ!" ಎಂದಳು ಆಯಾ.

"ಬಂದೆ. ನಿನ್ನ ಆಸ್ಪತ್ರೆ ಕಕ್ಕಸಿನದು ಎಲ್ಲಿಗೆ ಹೋಗುತ್ತೆ ಅಂತ ಗೊತ್ತಾ ನಿನಗೆ? ನನ್ನ ಹತ್ತಿರ. ದಿನಾ ಬರುತ್ತೆ, ನಾನು ಒಂದಿನವಾದ್ರೂ ಬಾಗಿಲಲ್ಲಿ ನಿಲ್ಸಿದ್ದೀನಾ? ಸರಿ ಆಚೆ."

ಆಯಾ ಸರಿದಳು.

ಕೂಸು ಮಗಳ ಪಕ್ಕದಲ್ಲಿ ಮಲಗಿತ್ತು. ಬೀಗಿತ್ತಿ ಎದ್ದು ಕೈ ಅಡ್ಡ ಹಿಡಿದಳು. ರಾಶಿಯಕ್ಕ ಅವಳ ಕಡೆ ನೋಡಲಿಲ್ಲ. ಮಂಚದ ತುದಿಯಲ್ಲಿ ಕೂತಳು.

"ಸ್ನಾನ ಆಯ್ತಾ ಅಮ್ಮಾ?" ಎಂದು ಕೇಳಿದಳು ಮಗಳು. ಕೇಳುವಾಗಲೇ ಅವಳಿಗೆ ಉತ್ತರ ಗೊತ್ತಾಗಿತ್ತು.

"ಅರ್ಧ ಆಯ್ತು. ಕೈ, ಎದೆ ಆಗಿದೆ. ಉಳಿದದ್ದಕ್ಕೆ ನೀರು ನಿಲ್ಸಿದ್ರು."

"ಯಾರು?"

"ಹೇಳ್ತೀನಿ. ಇನ್ನೂ ಜಗಳ ಮುಗಿದಿಲ್ಲ, ವಾಪಸ್ ಹೋಗ್ಬೇಕು. ಈ ನಾತ ನನ್ನದಲ್ಲ ಮಗಳೇ. ನಿನ್ನನ್ನ ಸಾಕಿದ್ದು ಇದೇ ನಾತದಲ್ಲಿ, ಆದ್ರೂ ನನ್ನದಲ್ಲ. ಕೊಡು ಕೂಸನ್ನ."

ಇಡೀ ವಾರ್ಡು ನೋಡುತ್ತಿತ್ತು. ಮಗಳು ಅತ್ತೆಯ ಮುಖ ನೋಡಿದಳು. ಅಮ್ಮನ ಕಿತ್ತ ಮೊಣಕೈ ನೋಡಿದಳು. ನಾತ ತಡೆಯಲಾಗದೆ ಒಂದು ಕೈಯಿಂದ ಮೂಗು ಮುಚ್ಚಿಕೊಂಡಳು. ಇನ್ನೊಂದು ಕೈಯಿಂದ ಬಟ್ಟೆಯ ಸುತ್ತನ್ನು ಅಮ್ಮನ ಮಡಿಲಿನ ಕಡೆ ದೂಡಿದಳು.

"ಮುಚ್ಕೋ, ಮುಚ್ಕೋ," ಎಂದಳು ರಾಶಿಯಕ್ಕ, ಕೂಸನ್ನು ಎತ್ತಿಕೊಳ್ಳುತ್ತ. "ನಿನ್ನ ಮೂಗಾದ್ರೂ ಉಳೀಲಿ."